ನಿದ್ದೆಯಿಂದ ಏಳದ ಯಂತ್ರ

ಮನೆಯ ನಡುಕೋಣೆಯಿಂದ,
ಹದಿನಾಲ್ಕನೆಯ ತಾರೀಕು, ಬುಧವಾರ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ದ್ವೀಪದ ಗಾಳಿ ಮೈಗೆ ಒಗ್ಗಿತೇ? ಕೆಮ್ಮು ಇಳಿಯಿತೇ? ಹವಾಮಾನ ಕೇಂದ್ರದಲ್ಲಿ ಕುಳಿತು ಲೋಕಕ್ಕೆಲ್ಲ ಮಳೆಯ ಸೂಚನೆ ಕೊಡುವವಳು ನಿನ್ನ ಕೊಡೆಯನ್ನೇ ಮರೆಯುತ್ತೀಯೆಂದು ಬಲ್ಲೆ. ನಿಮ್ಮ ಫೋನು ಇನ್ನೂ ಸರಿಹೋಗದ ಕಾರಣ ಈ ಕಾಗದವನ್ನು ಅಂಚೆಯ ದೋಣಿಗೆ ಒಪ್ಪಿಸುತ್ತಿದ್ದೇನೆ. ನಾನು ಕ್ಷೇಮ. ಅಮ್ಮನ ವಿಷಯವನ್ನು ಕ್ರಮವಾಗಿ ಬರೆಯುತ್ತೇನೆ.

ನರಗಳ ಕಾಯಿಲೆ ಅವಳ ದನಿಯನ್ನೂ ಲೇಖನಿ ಹಿಡಿಯುವ ಶಕ್ತಿಯನ್ನೂ ಕಸಿದುಕೊಂಡ ಮೇಲೆ, ನೀನು ಜೋಡಿಸಿಕೊಟ್ಟ ಕಂಪ್ಯೂಟರೇ ಈ ಮನೆಯ ಮಾತಾಗಿತ್ತಷ್ಟೆ. ಉಳಿದ ಒಂದೇ ಬೆರಳಿನಿಂದ ಅವಳು ಅಕ್ಷರ ಒತ್ತಿದರೆ, ಮೊದಲೇ ಧ್ವನಿಮುದ್ರಿಸಿಟ್ಟ ಅವಳದೇ ದನಿಯಲ್ಲಿ ಅದು ನನ್ನನ್ನು ಗದರುತ್ತಿತ್ತು. ಆದರೆ ಒಮ್ಮೆ ಸ್ಲೀಪ್‌ಗೆ ಹೋಯಿತೆಂದರೆ ಏಳುತ್ತಿರಲಿಲ್ಲ. ಒಳಗೆ ಫ್ಯಾನು ತಿರುಗುವ ಸದ್ದು, ಪರದೆ ಮಾತ್ರ ಕಪ್ಪು. "ನಿಮ್ಮಪ್ಪನ ಚಾಳಿ ಇದಕ್ಕೂ ಅಂಟಿದೆ ಕಣೇ, ಉಂಡು ಮಲಗಿದ್ರೆ ಏಳೋ ಮಾತೇ ಇಲ್ಲ" ಎಂದು ಅದರಿಂದಲೇ ನಿನಗೆ ದೂರು ಹೇಳಿಸಿದ್ದಳಲ್ಲವೇ? ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚುವ ಉಪಾಯವನ್ನು ನೀನೇ ಕಲಿಸಿದ್ದೆ. ಸ್ಲೀಪನ್ನೇ ನಿಲ್ಲಿಸಲು ನೀನು ಹೇಳಿದೆ, ನಾನು ನಿಲ್ಲಿಸಿದೆ, ಮರುದಿನವೂ ಮಲಗಿತು. ಕಡೆಗೆ, ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ, ಹಳತಾಗಿದೆ, ಹೊಸದನ್ನು ತುಂಬಬೇಕು ಎಂದು ನೀನು ಬರೆದೆ.

ಕಳೆದ ಭಾನುವಾರ ಬೆಳಗ್ಗೆ ಅಮ್ಮ, "ಪುಟ್ಟಿಗೆ ಒಂದು ಮಾತು ಹೇಳೋದಿದೆ, ಉದ್ದ ಇದೆ. ಮೊದಲು ಇದನ್ನ ರಿಪೇರಿ ಮಾಡಿ, ನಡುವೆ ಮಲಗಿಬಿಡತ್ತೆ" ಎಂದಳು. ಬೋರ್ಡಿನ ಮಾದರಿಯನ್ನು ಎರಡೆರಡು ಸಲ ಹೋಲಿಸಿ ನೋಡಿ, ಪೆನ್‌ಡ್ರೈವ್ ಸಿಕ್ಕಿಸಿ ಆರಂಭಿಸಿದೆ. ಪರದೆಯ ಮೇಲಿನ ಗೆರೆ ಅರ್ಧ ತುಂಬಿತು, ಪರದೆ ಕಪ್ಪಾಯಿತು, ಫ್ಯಾನು ತಿರುಗುತ್ತಲೇ ಇತ್ತು. ಅದೇ ಹಳೆಯ ನಿದ್ದೆ ಎಂದುಕೊಂಡೆ. ಬೆನ್ನ ಹಿಂದೆ ಅಮ್ಮ ಬೆರಳಿನ ಉಂಗುರದಿಂದ ಮಂಚದ ಕಂಬಿಯನ್ನು ಟಕಟಕನೆ ಬಡಿಯತೊಡಗಿದಳು. ಅವಸರಪಡಿಸುತ್ತಿದ್ದಾಳೆಂದು ಭಾವಿಸಿ, ತಿರುಗಿಯೂ ನೋಡದೆ, "ತಾಳು ಸ್ವಲ್ಪ, ಯಾರ ಪ್ರಾಣವೂ ಹೋಗ್ತಿಲ್ಲ" ಎಂದು ಗುಂಡಿಯನ್ನು ಒತ್ತಿ ಹಿಡಿದೆ. ಪರದೆ ಕೆಲಕಾಲ ಕಪ್ಪಾಗಬಹುದು, ಆರಿಸಬಾರದು ಎಂದು ಪರದೆಯ ಸೂಚನೆಯಲ್ಲಿದ್ದ ಕೊನೆಯ ಸಾಲನ್ನು ಮಂಚದಿಂದಲೇ ಓದಿದ್ದವಳು ಅವಳು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರೆಂದು ತಲೆಮಾರುಗಳಿಗೆ ಬೋಧಿಸಿದವನು ನಾನು.

ರಿಪೇರಿಯವರು ಬಂದು ನೋಡಿ, "ಬೋರ್ಡಿನ ಚಿಪ್‌ನಲ್ಲಿ ಬರೆಯೋದು ಅರ್ಧಕ್ಕೇ ನಿಂತಿದೆ ಮೇಷ್ಟ್ರೇ, ತಾನು ಯಾರು ಅನ್ನೋದೇ ಅದಕ್ಕೆ ಗೊತ್ತಿಲ್ಲ. ಡಿಸ್ಕು ಚೆನ್ನಾಗಿದೆ, ಅಮ್ಮನ ದನಿ ಎಲ್ಲೂ ಹೋಗಿಲ್ಲ. ಬೇರೆ ಕಂಪ್ಯೂಟರ್ ಹೊಂದಿಸಿ ತರ್ತೀನಿ" ಎಂದು ಹೋದರು. ಅಂದಿನಿಂದ ಅಮ್ಮ ತುಟಿ ಅಲುಗಿಸುತ್ತಾಳೆ. ನಾನು ಅರ್ಥವಾದವನಂತೆ "ಹೂಂ, ಹೂಂ" ಎನ್ನುತ್ತೇನೆ. ನನ್ನ ಸುಳ್ಳು ಅವಳಿಗೆ ಎಂದಾದರೂ ತಿಳಿಯದೆ ಹೋದದ್ದುಂಟೇ? ನಿನ್ನೆಯಿಂದ ತುಟಿ ಅಲುಗಿಸುವುದನ್ನೂ ಬಿಟ್ಟು, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಾಳೆ. ಹೊಸ ಯಂತ್ರ ಬಂದೊಡನೆ ನಿನಗೆ ಹೇಳಬೇಕಾದ ಮಾತನ್ನು ಹೇಳಿಸಿ ಕಳುಹಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಹೋದ್ಯೋಗಿಗಳಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಸದಾ ನಿನ್ನ ಶ್ರೇಯಸ್ಸನ್ನು ಬಯಸುವ,
ಅಪ್ಪ

ಲಕೋಟೆ ಅಂಟಿಸುವ ಮೊದಲು: ರಿಪೇರಿಯವರು ಈಗತಾನೇ ಬೇರೆ ಕಂಪ್ಯೂಟರ್ ತಂದು, ನಮ್ಮ ಡಿಸ್ಕನ್ನು ಹಾಕಿಕೊಟ್ಟು ಹೋದರು. ಅದು ಸ್ಲೀಪ್‌ಗೆ ಹೋಗಿ ಸಲೀಸಾಗಿ ಎದ್ದಿತು. ಅಮ್ಮನ ಕೈಯನ್ನು ಕೀಲಿಮಣೆಯ ಮೇಲಿಟ್ಟೆ. ಬೆರಳು ಕೆಳಗಿಳಿಯಲಿಲ್ಲ. ಬಹಳ ಹೊತ್ತು ಕಾದೆವು. ಭಾನುವಾರ ಆ ಬೆರಳು ಇಳಿಯುತ್ತಿತ್ತು, ಪುಟ್ಟಿ. ಅವಳ ಕಣ್ಣಿನ ಮಾತು ನಿನಗೆ ತಿಳಿಯುತ್ತದೆ, ನನಗೆ ತಿಳಿಯುವುದಿಲ್ಲ. ಈ ಕಾಗದ ತಂದ ದೋಣಿಯಲ್ಲೇ ಹೊರಟು ಬಾ.