ಅರಿಶಿಣ ತೊಳೀಬ್ಯಾಡ

ಮಿರಜ, ಸೋಮವಾರ

ಕಾಂಚನಾ,

ಶುಕ್ರವಾರ ನಿನ್ನ ಮದವಿ ಅರಿಶಿಣಕ್ಕ ನಾ ಸಾಂಗಲಿಗೆ ಬರಂಗಿಲ್ಲ. ಅರಿಶಿಣದ ಧೂಳಿ ಒಳಗ ಹೋದರ ರಕ್ತದಾಗಿನ ಕಾವಲು ಕಣಗಳು ಅದನ್ನ ವೈರಿ ಅಂತ ತಿಳಕೊಂಡು ಪುಪ್ಪುಸದಾಗ ಜಗಳಾ ತಗೀತಾವಂತ, ಅದಕ್ಕ ಉಸರ ಕಟ್ಟತೈತಿ ಅಂತಾರ ಡಾಕ್ಟರು. ಅರಿಶಿಣ ಚೀಲ ಒಟ್ಟೂ ವಖಾರಿ ಮ್ಯಾಲಿನ ಮನ್ಯಾಗ ಸಂಸಾರ ಮಾಡಿದಾಕಿಗೆ ಈಗ ಈ ಬಾಡಿಗಿ ಖೋಲಿ. ನಿಮ್ಮಪ್ಪನ ಅಂಗಿಗೂ ಅದ ಧೂಳಿ; ಅವರೂ ಬರೂದು ಬಿಟ್ಟಾರ.

ಮೊದಲ ಅರಿಶಿಣ ನನ್ನ ಬದಲಿ ನನ್ನ ತಂಗಿ, ನಿನ್ನ ಮಾವಶಿ ಕೈಲೆ ಹಚ್ಚಿಸ್ಕೊ. ಕಿವಿ ಹಿಂದ ಬಿಡಬ್ಯಾಡ ಅನ್ನು, ಆಕಿದು ಯಾವಾಗಲೂ ಗಡಿಬಿಡಿ.

ಆಮ್ಯಾಲೆ ಅದನ್ನ ತೊಳೀಲಾರದ, ಹಂಗ ಗಾಡಿ ಹತ್ತಿ ಇಲ್ಲಿಗೆ ಬಾ. ಅರಿಶಿಣ ಹಚ್ಚಿದ ಹುಡುಗಿ ಹೊಸ್ತಿಲಾ ದಾಟಬಾರದು ಅಂತ ಅಜ್ಜಿ ಒದರ್ತಾರ, ಒದರ್ಲಿ. ಮ್ಯಾಲೆ ಬರಬ್ಯಾಡ, ಅಂಗಳದಾಗ ನಿಂತ್ಕೊ. ನಾ ಕಿಡಕಿ ಮುಚ್ಚಿ ಗಾಜಿನೊಳಗಿಂದ ನೋಡ್ತೇನಿ. ಅಳಬ್ಯಾಡ, ಅರಿಶಿಣ ಇಳೀತೈತಿ.

ನಿನ್ನ ಅವ್ವ,
ಇಂದುಬಾಯಿ