ಹಿತ್ತಲಿನ ಕರಿ ಹಾಳೆ

ಮಿಲ್ಟನ್ಸ್ ಫೋರ್ಡ್, ಒಹಾಯೊ
ಏಪ್ರಿಲ್ 20

ಮುದ್ದು ಜನೆಲ್,

ಹೇಗಿದ್ದೀಯೆ ಮಗಳೇ, ಕೆಮ್ಮು ಬಿಟ್ಟಿತಾ? ಸರೋವರದ ನೀರು ಪರೀಕ್ಷೆ ಮಾಡ್ತೀನಂತ ಆ ಚಳಿಯಲ್ಲಿ ದೋಣಿ ಹತ್ತಿ ಕೂತರೆ ಕೆಮ್ಮು ಬರದೆ ಇನ್ನೇನು ಬರುತ್ತೆ? ಟೋಪಿ ಹಾಕ್ಕೋ. ಮಂಡಿ ನೋವು ಬಿಟ್ಟರೆ ನಾನು ಚೆನ್ನಾಗಿದ್ದೀನಿ. ನಿಮ್ಮಪ್ಪ ಚೆನ್ನಾಗಿಲ್ಲ. ಈ ಬೇಸಿಗೆ ದಾಟೋದು ಕಷ್ಟ ಅಂತ ಡಾಕ್ಟರು ನನ್ನನ್ನ ಪಕ್ಕಕ್ಕೆ ಕರೆದು ಹೇಳಿದರು. ಫೋನಲ್ಲಿ ಹೇಳಿದರೆ ಅವರ ಕಿವಿಗೆ ಬೀಳುತ್ತೆ ಅಂತ ಬರೀತಿದ್ದೀನಿ.

ಇಷ್ಟಾದರೂ ಮಧ್ಯಾಹ್ನವಾದರೆ ಕೋಲು ಹಿಡಿದು ಟೊಮೇಟೊ ಮಡಿಗೆ ಹೋಗಲೇಬೇಕು. ಪ್ಲಾಸ್ಟಿಕ್ ಫ್ಯಾಕ್ಟರಿ ಬಿಟ್ಟು ಯಾವ ಕಾಲವಾಯಿತು, ತಾನು ಬೆರೆಸುತ್ತಿದ್ದ ಆ ಪುಡಿಯ ಹೆಮ್ಮೆ ಮಾತ್ರ ಬಿಟ್ಟಿಲ್ಲ. ಪ್ಲಾಸ್ಟಿಕ್ಕಿಗೆ ಅದನ್ನ ಸ್ವಲ್ಪ ಸೇರಿಸಿದರೆ ಸಾಕು, ಬಿಸಿಲಿಗೆ ಹಾಳೆ ತಾನಾಗೇ ಮಣ್ಣಾಗುತ್ತೆ ಅಂತ ಊರಿಗೆಲ್ಲ ಹೇಳಿದವರಲ್ಲವಾ. ಕಳೆ ಬರಬಾರದು ಅಂತ ವರ್ಷಾ ವರ್ಷಾ ಮಡಿಗೆ ಅದೇ ಕರಿ ಹಾಳೆ ಹೊದಿಸಿ, ಗಾಳಿಗೆ ಹಾರದಂತೆ ಅಂಚನ್ನ ಮಣ್ಣಲ್ಲಿ ಹೂತರು. ಮೇಲಿನದು ಬಿಸಿಲಿಗೆ ಚೂರುಚೂರಾಯಿತು. ಹೂತ ಅಂಚಿಗೆ ಬಿಸಿಲೆಲ್ಲಿಂದ ಬರಬೇಕು? ಅದು ಹಾಗೇ ಇದೆ.

ಆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಾಗ ನೀನು, "ಅಪ್ಪಾ, ಅದು ಮಣ್ಣಾಗಲ್ಲ, ಸಣ್ಣ ಚೂರಾಗುತ್ತೆ ಅಷ್ಟೆ, ನಮ್ಮ ನೀರಲ್ಲಿ ದಿನಾ ನೋಡ್ತೀನಿ" ಅಂದೆ. ಅವರು ಚಾಕು ಕೆಳಗಿಟ್ಟು, "ನನ್ನ ಮಡಿ ಅಗೆದು ನೋಡು, ಒಂದು ಚೂರು ಸಿಕ್ಕರೆ ನನ್ನನ್ನ ಅಪ್ಪ ಅನ್ನಬೇಡ" ಅಂದರು. ನೀನು ಅಗೆಯಲಿಲ್ಲ. ಕಾರು ಹತ್ತಿ ಹೋದೆ, ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಇಬ್ಬರದೂ ಒಂದೇ ಹಟ.

ಈಗ ಚಳಿಗಾಲದ ಹಿಮ ಕರಗಿ ಚೂರುಗಳೆಲ್ಲ ಮೇಲೆ ಬಂದಿವೆ. ಅವರು ಏಳೋದರೊಳಗೆ ನಾನು ಹೋಗಿ ಆರಿಸಿ ಏಪ್ರನ್ನಿಗೆ ತುಂಬಿಕೊಳ್ತೀನಿ. ಏನು ಉಂಗುರ ಕಳ್ಕೊಂಡ್ಯಾ ಅಂತ ಪಕ್ಕದ ಮನೆಯ ಅರ್ಲೀನ್ ಬೇಲಿಯಾಚೆಯಿಂದ ಕೇಳ್ತಾಳೆ. ಹೂಂ ಅಂತೀನಿ. ಸಾಯೋ ಮನುಷ್ಯನಿಗೆ ಜೀವಮಾನದ ಕೆಲಸ ಸುಳ್ಳಾಯಿತು ಅಂತ ಗೊತ್ತಾಗಬಾರದು ನೋಡು. ನೀನೂ ಬಂದು, ಮಡಿ ನೋಡಿದೆ, ಏನೂ ಸಿಗಲಿಲ್ಲ ಅಂತ ಒಂದು ಮಾತು ಹೇಳಿಬಿಡು. ನನಗೋಸ್ಕರ.

ಅರ್ಲೀನ್ ನಿನ್ನನ್ನ ವಿಚಾರಿಸಿದಳು. ದೇವರು ನಿನ್ನನ್ನ ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ವರ್ನಾ

ತಾ.ಕ.: ಲಕೋಟೆ ಅಂಟಿಸೋಕೆ ಮುಂಚೆ ನಿಮ್ಮಪ್ಪನ ಕೋಟು ಒಗೆಯೋಕೆ ತೆಗೆದೆ. ಎರಡೂ ಜೇಬಿನ ತುಂಬ ಕರಿ ಚೂರು. ನನ್ನ ಕಣ್ಣಿಗೆ ತಪ್ಪಿದ್ದೆಲ್ಲ ಅವರೇ ಆರಿಸಿ ಬಚ್ಚಿಟ್ಟಿದ್ದಾರೆ. ಅವರು ನಿನಗೆ ಫೋನ್ ಮಾಡದೆ ಇರೋದು ಕೋಪಕ್ಕಲ್ಲ ಕಣೇ, ಅವತ್ತು ಆಡಿದ ಮಾತಿಗೆ ಕಟ್ಟುಬಿದ್ದು. ಸುಳ್ಳೇನೂ ಹೇಳಬೇಡ. ಬೇಗ ಬಾ. ಬಾಗಿಲಲ್ಲೇ ಅಪ್ಪಾ ಅಂತ ಕರೆ.