ಮಹಿಳೆಯರಿಗೆ ಮಾತ್ರ

೧೨-೭-೨೦೦೩, ಶನಿವಾರ

ಡ್ಯೂಟಿ ಮುಗಿಸಿ ಮಣಿಪಾಲದಿಂದ ಅಲೆವೂರಿಗೆ ಬರುವಾಗ ಮೂರೂವರೆ. ಚಪ್ಪಲಿ ಬಿಡುವ ಮೊದಲೇ ಲಿಯೋನೆಲ್ ಬಾಪ್ಪುವಿನ ಸ್ವರ. ನನ್ನ ಗಂಡ ಜೋಕಿಮ್‌ನ ಚಿಕ್ಕಪ್ಪ, ಇಗರ್ಜಿಯ ಕ್ವಾಯರ್ ಮಾಸ್ಟರ್, ಇನ್ಶೂರೆನ್ಸ್ ಏಜೆಂಟ್ — ಮೂರಕ್ಕೂ ಒಂದೇ ಸ್ವರ. ನಾನು ಹೇಳಿ ಕಳಿಸಿದ್ದು ನನಗೊಂದು ಪಾಲಿಸಿ ಬೇಕೆಂದು. ಅವರು ಫಾರಂ ತುಂಬಿಸುತ್ತಿದ್ದದ್ದು ಜೋಕಿಮ್ ಹೆಸರಿನಲ್ಲಿ.

"ನನಗೆ ಅಂತ ಹೇಳಿದ್ದಲ್ವಾ ಬಾಪ್ಪು?"

"ನಿನಗೆಂತಕ್ಕೆ ಮೇಬಲ್? ಮೊದಲು ಗಂಡಸಿಗೆ. ನಿನ್ನದು ಆಮೇಲೆ ನೋಡುವ."

ಗಂಡಸು ಮಸ್ಕತ್‌ನ ಕಂಪೆನಿ ಮುಚ್ಚಿ ಮಾರ್ಚ್‌ನಿಂದ ಮನೆಯಲ್ಲಿದ್ದಾನೆ. ಮನೆ ನಡೆಯುತ್ತಿರುವುದು ನನ್ನ ಲ್ಯಾಬ್ ಕೆಲಸದಲ್ಲಿ. ನಾಳೆ ನಾನು ಬಸ್ಸಿನಡಿ ಬಿದ್ದರೆ ಟೀನಾಳನ್ನು ಓದಿಸುವುದು ಯಾರು? ಆರು ವರ್ಷದ ಮಗು. ಇದನ್ನೇ ಮೂರು ಸಲ ಹೇಳಿದೆ. ಮೂರನೆಯ ಸಲ ಜೋಕಿಮ್ ಪೇಪರಿನ ಹಿಂದಿನಿಂದ, "ಅವಳದ್ದೇ ಮಾಡಿ ಬಾಪ್ಪು, ಕಿರಿಕಿರಿ ಬೇಡ" ಅಂದ. ನನ್ನ ಜೀವಕ್ಕೆ ವಿಮೆ — ಕಿರಿಕಿರಿ ತಪ್ಪಿಸಲಿಕ್ಕೆ! ತಲೆ ಕೆಟ್ಟುಹೋಯಿತು.

೧೩-೭, ಭಾನುವಾರ. ಪೂಜೆ ಮುಗಿಸಿ ಬಂದ ಮೇಲೆ

ಹೊಸ ಫಾರಂ. ಊಟದ ಮೇಜಿನ ಮೇಲೆ. ಬಾಪ್ಪು ಪ್ರಶ್ನೆ ಓದುತ್ತಾರೆ, ಇಗರ್ಜಿಯ ಕೊನೆಯ ಬೆಂಚಿಗೂ ಕೇಳುವ ಹಾಗೆ. ಪಕ್ಕದಲ್ಲಿ ಅತ್ತೆ ಒಣ ಸಿಗಡಿಯ ತಲೆ ಮುರಿಯುತ್ತ ಕೂತಿದ್ದರು. ಎತ್ತರ, ತೂಕ, ಅಪ್ಪ ಸತ್ತದ್ದು ಯಾವುದರಿಂದ... ಆಮೇಲೆ ಗಂಟಲು ಸರಿಮಾಡಿಕೊಂಡು, "ಮಹಿಳೆಯರಿಗೆ ಮಾತ್ರ." ಕಳೆದ ಮುಟ್ಟಿನ ದಿನ. ಹೆರಿಗೆ ಎಷ್ಟು. ಗರ್ಭಪಾತ ಆಗಿದೆಯೇ, ಯಾವಾಗ.

ಗಂಡಸರಿಗೆ ಮಾತ್ರ ಎಂಬ ಕಾಲಂ ಇಲ್ಲ. ಹುಡುಕಿ ನೋಡಿದೆ.

"ಹೆರಿಗೆ ಒಂದು. ಬೇರೆಂತ ಇಲ್ಲ." ಬಾಪ್ಪು ತಾವೇ ಹೇಳಿಕೊಂಡು ತಾವೇ ಬರೆದರು. ಅತ್ತೆ, "ಇದ್ದಿದ್ದರೆ ನನಗೆ ಗೊತ್ತಾಗ್ತಿರಲಿಲ್ವಾ?" ಎಂದು ನಕ್ಕರು. ಸೈನ್ ಹಾಕಿದೆ.

ಇಲ್ಲಿ ಮಾತ್ರ ಬರೆಯಬಹುದು. ೨೦೦೧ ನವೆಂಬರ್. ಜೋಕಿಮ್ ರಜೆ ಮುಗಿಸಿ ಹೋಗಿ ಎರಡು ತಿಂಗಳು. ಹತ್ತನೆಯ ವಾರದಲ್ಲಿ ಗರ್ಭ ತಾನಾಗಿಯೇ ಹೋಯಿತು. ಕೆಲಸ ಮಾಡುವ ಆಸ್ಪತ್ರೆಯಲ್ಲೇ ಕ್ಲೀನ್ ಮಾಡಿಸಿಕೊಂಡೆ. ಮನೆಗೆ ಡಬಲ್ ಡ್ಯೂಟಿ ಅಂದೆ. ಅತ್ತೆ ಆಗ ಇನ್ನೊಂದು ಮೊಮ್ಮಗುವಿಗಾಗಿ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಮಾಡುತ್ತಿದ್ದರು. ಜೋಕಿಮ್‌ಗೆ ಫೋನಿನಲ್ಲಿ ಹೇಗೆ ಹೇಳುವುದೆಂದು ಮುಂದೂಡಿದೆ. ಮುಂದೂಡಿ ಮುಂದೂಡಿ ಇಲ್ಲಿಗೆ ಬಂತು.

೨೨-೭, ಮಂಗಳವಾರ

ಮಧ್ಯಾಹ್ನ ಹುಲಿಗೆವ್ವ ಲ್ಯಾಬಿಗೆ ಬಂದಳು. ಗಾರೆ ಕೆಲಸದ ಗುರಲಿಂಗಪ್ಪನ ಹೆಂಡತಿ. ಫೆಬ್ರವರಿಯಲ್ಲಿ ಅವನು ಹಾರ್ಟ್ ಅಟ್ಯಾಕಿನಲ್ಲಿ ಹೋದ. ಒಂದೂವರೆ ವರ್ಷ ಹಿಂದಿನ ಪಾಲಿಸಿ ಇತ್ತು. ಕಳೆದ ತಿಂಗಳು ಕಂಪೆನಿಯ ಕಡೆಯವನೊಬ್ಬ ತನಿಖೆಗೆ ಬಂದು ನಮ್ಮ ಹಳೆಯ ರಿಜಿಸ್ಟರ್ ತೆಗೆಸಿದ್ದ. ಪಾಲಿಸಿಗಿಂತ ಮೊದಲೇ ಶುಗರ್ ೨೬೦. ಕಾಪಿ ಮಾಡಿ, ಸೈನ್ ಹಾಕಿ ಕೊಟ್ಟವಳು ನಾನು. ಫಾರಂನಲ್ಲಿ ಏಜೆಂಟ್ "ಸಕ್ಕರೆ ಕಾಯಿಲೆ ಇಲ್ಲ" ಎಂದು ಬರೆದಿದ್ದನಂತೆ. ಗುರಲಿಂಗಪ್ಪ ಹೆಬ್ಬೆಟ್ಟು ಒತ್ತಿದ್ದ.

"ಯಕ್ಕಾ, ಇದ್ರಾಗ ಏನ್ ಬರದಾರ್ರಿ?"

ಕಂಪೆನಿಯ ಇಂಗ್ಲಿಷ್ ಕಾಗದ. ಓದಿ ಹೇಳಿದೆ. ದುಡ್ಡು ಬರುವುದಿಲ್ಲ. ಕಾರಣದ ಪಕ್ಕದಲ್ಲಿ ನನ್ನ ರಿಪೋರ್ಟಿನ ನಂಬರ್.

"ಹಂಗಾರ ಅವರು ಸುಳ್ಳು ಹೇಳ್ಯಾರ ಅಂತೇನ್ರಿ? ಅವರನ್ನ ಯಾರೂ ಕೇಳೇ ಇಲ್ರಿ ಯಕ್ಕಾ."

ಚಾ ಕುಡಿಸಿ ಕಳಿಸಿದೆ. ನಾಚಿಕೆಯಾಯಿತು. ಸಿಟ್ಟೂ ಬಂತು — ಯಾರ ಮೇಲೆಂದು ಗೊತ್ತಿಲ್ಲ.

ನನ್ನ ಫೈಲೂ ಅದೇ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿದೆ. ತೆಗೆಯಲು ಐದು ನಿಮಿಷ ಸಾಕು. ಆಮೇಲೆ ಟೀನಾಳ ಕೈಯಲ್ಲೂ ಇಂಥದೇ ಒಂದು ಕಾಗದ.

೨೪-೭, ಗುರುವಾರ

ಬಾಪ್ಪುವಿನ ಕಟಪಾಡಿ ಮನೆಗೆ ಫೋನ್. ಪುಣ್ಯಕ್ಕೆ ಫಾರಂ ಇನ್ನೂ ಆಫೀಸಿಗೆ ಕೊಟ್ಟಿಲ್ಲ, ಮಳೆಯಂತೆ. ಒಂದು ಉತ್ತರ ತಿದ್ದಬೇಕು, ಮಹಿಳೆಯರ ಕಾಲಂನಲ್ಲಿ ಅಂದೆ.

"ಬಿಡು ಮಾರಾಯ್ತಿ. ಅದನ್ನೆಲ್ಲ ಯಾರು ನೋಡುವುದು?"

"ನೋಡ್ತಾರೆ ಬಾಪ್ಪು. ತೆಗೆದು ಕೊಡುವುದೇ ನನ್ನ ಕೆಲಸ."

ಆಮೇಲೆ ಉಪದೇಶ... ಮನೆಯ ವಿಷಯ ಫಾರಂನಲ್ಲಿ ಬರೆಯುವುದೆಂತಕ್ಕೆ, ಜೋಕಿಮ್‌ಗೆ ಗೊತ್ತುಂಟಾ... ಬೇರೆ ಫಾರಂ ತನ್ನಿ ಎಂದು ಒಪ್ಪಿಸಿ ರಿಸೀವರ್ ಕುಕ್ಕಿದೆ. ಭಾನುವಾರ ಬೇರೆ ಫಾರಂ ತರುತ್ತಾರೆ. ಅದರೊಳಗೆ ಜೋಕಿಮ್‌ಗೆ ಹೇಳಬೇಕು. ಇವತ್ತು ಹೇಳಲಿಲ್ಲ.

೨೬-೭, ಶನಿವಾರ

ಇವತ್ತೂ ಇಲ್ಲ.

೨೭-೭, ಭಾನುವಾರ. ಮಧ್ಯಾಹ್ನ ಎರಡು

ಈ ಸಲ ಬಾಪ್ಪು ಪ್ರಶ್ನೆ ಓದಲಿಲ್ಲ. ಫಾರಂ, ಪೆನ್ನು ಎರಡನ್ನೂ ನನ್ನ ಕಡೆ ಸರಿಸಿದರು. ಸುಮ್ಮನೆ ಬರೆದು ಮಡಚಿ ಕೊಡಬಹುದಿತ್ತು. ಆದರೆ ನಾಮಿನಿ ಜೋಕಿಮ್. ನಾನು ಸತ್ತ ಮೇಲೆ ಯಾರೋ ತನಿಖೆಯವನಿಂದ ಅವನಿಗೆ ತಿಳಿಯುವುದು ಬೇಡ. ಜೋರಾಗಿಯೇ ಹೇಳಿದೆ. "ಗರ್ಭಪಾತ ಒಂದು. ೨೦೦೧ ನವೆಂಬರ್ ೧೯."

ಜೋಕಿಮ್ ಎದ್ದು ಜಗಲಿಗೆ ಹೋದ. ಬಾಪ್ಪು ಫಾರಂ ಬ್ಯಾಗಿಗೆ ಹಾಕಿಕೊಂಡು ಚಾ ಮುಗಿಸದೆ ಹೊರಟರು. ಅತ್ತೆ ಬಂದು ನನ್ನ ಮುಂದೆ ನಿಂತರು. ಬೈಗುಳಕ್ಕೆ ತಯಾರಾದೆ.

"ಆ ದಿನ ನಿನಗೆ ಊಟ ಯಾರು ಕೊಟ್ಟದ್ದು?"

"ಕ್ಯಾಂಟೀನಿನ ಗಂಜಿ, ಮಾಂಯ್."

ಒಳಗೆ ಹೋದರು. ಅಳಬಾರದು ಅಂದುಕೊಂಡಿದ್ದೆ. ಅತ್ತುಬಿಟ್ಟೆ.

ಊಟಕ್ಕೆ ಕರೆದರೆ ಜೋಕಿಮ್ ಬರಲಿಲ್ಲ. ಮಳೆಯ ಇರಚಲಿಗೆ ಶರ್ಟು ಒದ್ದೆಯಾದರೂ ಅಲ್ಲೇ ಕೂತಿದ್ದಾನೆ. ಹೋಗಿ ಹೇಳಬೇಕು... ಏನೆಂದು? ಎದ್ದ ಸದ್ದು. ಬಾಗಿಲಲ್ಲಿ ಬಂದು ನಿಂತಿದ್ದಾನೆ. ಕಣ್ಣು ಕೆಂಪು.

"ಆ ವಾರವೂ ಶುಕ್ರವಾರ ನಾನು ಫೋನ್ ಮಾಡಿದ್ದೆ ಮೇಬಲ್. ಎಂತ ವಿಶೇಷ ಅಂತ ಕೇಳಿದ್ದೆ. ನೀನು ಎಂತ ಹೇಳಿದ್ದು?"

ನಾನು ಹೇಳಿದ್ದು — "ಬೇರೆಂತ ಇಲ್ಲ, ಡಬಲ್ ಡ್ಯೂಟಿ."